ನುಂಗಿದ್ದು ಯಾವ ಪ್ರಾಣಿ? ಮೈಸೂರಿನಲ್ಲೊಂದು ಹಾವಿನ ಊಟದ ಪ್ರದರ್ಶನ

ಮೈಸೂರಿನ ಹೊರವರ್ತುಲ ರಸ್ತೆ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಖಾಸಗಿ ಸಾಕುಪ್ರಾಣಿ ಕೇಂದ್ರವೊಂದರಲ್ಲಿ, ಭಾನುವಾರದ ಸಂಜೆ ಹಾವಿಗೆ ಆಹಾರ ಕೊಡುವುದನ್ನು ಟಿಕೆಟ್ ಇಟ್ಟು ತೋರಿಸುತ್ತಾರೆ. ತೋರಿಸುವ ಕ್ರಮ ವಿಶೇಷವಾದದ್ದು. ಹಾವು ಆಹಾರವನ್ನು ಹಿಡಿಯುವ ಹೊತ್ತಿಗೆ ಗಾಜಿನ ಮುಂದೆ ಕಪ್ಪು ಪರದೆ ಇಳಿದಿರುತ್ತದೆ. ಅರ್ಧ ನುಂಗಿದ ಮೇಲೆ ಪರದೆ ಮೇಲೇರುತ್ತದೆ. ಬಾಯಿಂದ ಹೊರಗೆ ಉಳಿದಿರುವ ಭಾಗವನ್ನೂ ಕತ್ತಿನ ಉಬ್ಬನ್ನೂ ನೋಡಿ, ಒಳಗೆ ಹೋಗುತ್ತಿರುವುದು ಯಾವ ಪ್ರಾಣಿ ಎಂದು ಬಂದವರು ಚೀಟಿಯಲ್ಲಿ ಬರೆದು ಕೊಡಬೇಕು. ಈ ಬರಹ ಆ ಒಂದು ಗಂಟೆಯ ಕಾರ್ಯಕ್ರಮದ ವಿಮರ್ಶೆ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಮೆಚ್ಚುಗೆಯ ಜೊತೆಗೆ ಎರಡು ಗಂಭೀರ ಆಕ್ಷೇಪಗಳೂ ನನಗಿವೆ; ಅವನ್ನು ಮಾಲೀಕರಿಗೆ ಪತ್ರ ಬರೆದು ತಿಳಿಸಿದ್ದೇನೆ, ಸರಿಪಡಿಸಿಕೊಳ್ಳಲು ಅವರಿಗೂ ಕಾಲಾವಕಾಶ ಸಿಗಲಿ. ಇಂಥ ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದು ಯೋಚಿಸುತ್ತಿರುವವರಿಗೆ, ಅಲ್ಲಿ ಏನನ್ನು ಗಮನವಿಟ್ಟು ನೋಡಬೇಕು ಮತ್ತು ಯಾವುದನ್ನು ಒಪ್ಪಬಾರದು ಎಂಬುದು ತಿಳಿದರೆ ಸಾಕು.

ಇಲ್ಲಿರುವ ದೊಡ್ಡ ಹಾವು ನಮ್ಮ ಹೆಬ್ಬಾವಲ್ಲ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೋವಾ. ಸುಮಾರು 8 ಅಡಿ ಉದ್ದದ, 10 ಕಿಲೋ ತೂಗುವ ಹೆಣ್ಣು, ಬಾಲದ ಕಡೆಗೆ ಇಟ್ಟಿಗೆಗೆಂಪು ಮಚ್ಚೆಗಳು. ನೋಡಿಕೊಳ್ಳುವ ಹುಡುಗರು ಅದನ್ನು ಅಮ್ಮಣ್ಣಿ ಎಂದು ಕರೆಯುತ್ತಾರೆ. ಇದರ ಜೊತೆಗೆ ಹೆಬ್ಬಾವಿನ ಬಳಗಕ್ಕೇ ಸೇರಿದ, ಆಫ್ರಿಕಾ ಮೂಲದ ಬಾಲ್ ಪೈಥಾನ್‌ಗಳೂ ಇವೆ. ಅವು ಗಿಡ್ಡ, ಸಾಧು, ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುವ ಸ್ವಭಾವದವು. ಕಾರ್ಯಕ್ರಮದ ಆರಂಭದಲ್ಲೇ ನಿರೂಪಕರು ಕಾನೂನಿನ ಮಾತನ್ನು ಎತ್ತುತ್ತಾರೆ, ಅದು ಒಳ್ಳೆಯದು. ನಮ್ಮ ಕಾಡಿನ ಹೆಬ್ಬಾವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿದು ಸಾಕುವುದು, ಮಾರುವುದು ಅಪರಾಧ. ಬೋವಾ, ಬಾಲ್ ಪೈಥಾನ್‌ಗಳು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳು. 2022ರ ತಿದ್ದುಪಡಿಯ ನಂತರ ಅವೂ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. 2024ರ ನಿಯಮಗಳ ಪ್ರಕಾರ ಸಾಕಿದವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಈ ಕೇಂದ್ರದವರು ನೋಂದಣಿ ಪತ್ರಗಳಿಗೆ ಚೌಕಟ್ಟು ಹಾಕಿಸಿ ಟಿಕೆಟ್ ಕೊಡುವ ಕಿಟಕಿಯ ಪಕ್ಕದಲ್ಲೇ ತೂಗುಹಾಕಿದ್ದಾರೆ. ಬೇರೆ ಕಡೆ ದೊಡ್ಡ ಹಾವು ತೋರಿಸುತ್ತೇವೆ ಎನ್ನುವವರು ಕಾಗದ ಕೇಳಿದಾಗ ಮಾತು ಮರೆಸಿದರೆ, ಟಿಕೆಟ್ ಕೊಳ್ಳದೆ ವಾಪಸು ಬರುವುದೇ ಲೇಸು.

ಪ್ರತಿ ಭಾನುವಾರ ಪ್ರದರ್ಶನವಿದೆ ಎಂದಾಗ, ಜನರಿಗೆ ತೋರಿಸುವ ಸಲುವಾಗಿ ಹಾವಿಗೆ ವಾರವಾರ ತುರುಕುತ್ತಾರೇನೋ ಎಂಬ ಅನುಮಾನ ಬರುವುದು ಸಹಜ. ಈ ಗಾತ್ರದ ಬೋವಾಕ್ಕೆ ಎರಡು ಮೂರು ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅಂತರದಲ್ಲಿ ಊಟ ಸಾಕು. ಹೆಚ್ಚು ಕೊಟ್ಟರೆ ಬೊಜ್ಜು ಬರುತ್ತದೆ. ಕೇಳಿದಾಗ ಅವರು ಪುಸ್ತಕ ತೆರೆದು ತೋರಿಸಿದರು. ಪ್ರತಿ ಹಾವಿಗೂ ಒಂದು ಪುಟ. ತಾರೀಖು, ಕೊಟ್ಟ ಪ್ರಾಣಿ, ಅದರ ತೂಕ, ತಿಂದಿತೋ ಬಿಟ್ಟಿತೋ, ಹಿಕ್ಕೆ ಹಾಕಿದ ದಿನ, ಪೊರೆ ಬಿಟ್ಟ ದಿನ. ಸರದಿಯ ಪ್ರಕಾರ ಬೇರೆ ಬೇರೆ ಹಾವುಗಳಿಗೆ ಕೊಡುತ್ತಾರೆ. ಪೊರೆ ಬಿಡುವ ಮುನ್ನ ಕಣ್ಣು ಮಂಜಾಗಿರುವ ಹಾವಿಗೆ ಕೊಡುವುದಿಲ್ಲ. ಇಡೀ ಕೇಂದ್ರದಲ್ಲಿ ನನಗೆ ಬಹಳ ಹಿಡಿಸಿದ ವಸ್ತುಗಳಲ್ಲಿ ಆ ಲೆಕ್ಕದ ಪುಸ್ತಕವೂ ಒಂದು. ಅದನ್ನು ಕೇಳಿದವರಿಗಷ್ಟೇ ತೋರಿಸದೆ ಎಲ್ಲರಿಗೂ ಕಾಣುವಂತೆ ಇಡಬಹುದಿತ್ತು.

ಕೊಡುವ ಆಹಾರ ಜೀವಂತವಲ್ಲ. ಮೊದಲೇ ಕೊಂದು ಫ್ರೀಜರಿನಲ್ಲಿಟ್ಟ ಪ್ರಾಣಿಯನ್ನು ತಂಪು ಬಿಡಿಸಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಯಿಸಿ, ಟವೆಲಿನಿಂದ ಒರೆಸಿ, ಉದ್ದನೆಯ ಇಕ್ಕಳದಿಂದ ಹಿಡಿದು ಹಾವಿನ ಮುಂದೆ ಆಡಿಸುತ್ತಾರೆ. ಮೂಗಿನ ಕಡೆ ಹೆಚ್ಚು ಬೆಚ್ಚಗಿರಬೇಕೆಂದು ನೋಡಿಕೊಳ್ಳುವ ಹುಡುಗ ತಲೆಯ ಭಾಗವನ್ನು ಮತ್ತೊಮ್ಮೆ ನೀರಿಗೆ ಅದ್ದಿ, ಅಂಗೈಯ ಹಿಂಭಾಗ ತಾಗಿಸಿ ನೋಡಿದ. ಸಾಲದೆನಿಸಿ ಮತ್ತೆ ಅದ್ದಿದ. ಬಿಸಿಗೆ ಇಷ್ಟು ಮಹತ್ವ ಇರುವುದಕ್ಕೆ ಕಾರಣವಿದೆ. ಪೈಥಾನ್‌ಗಳ ತುಟಿಯ ಅಂಚಿನಲ್ಲಿ ಶಾಖವನ್ನು ಗ್ರಹಿಸುವ ಸಣ್ಣ ಕುಳಿಗಳ ಸಾಲಿದೆ. ಬೋವಾಕ್ಕೆ ಅಂಥ ಕುಳಿ ಕಾಣುವುದಿಲ್ಲ, ಆದರೆ ತುಟಿಯ ಸುತ್ತಲಿನ ಹುರುಪೆಗಳೇ ಶಾಖವನ್ನು ಅರಿಯುತ್ತವೆ. ತಣ್ಣಗಿರುವುದನ್ನು ಹಾವು ಮೂಸಿ ಬಿಟ್ಟುಬಿಡಬಹುದು. ಜೀವಂತ ಇಲಿಯನ್ನು ಬಿಟ್ಟು ತಮಾಷೆ ನೋಡುವ ಚಟ ಕೆಲವು ಸಾಕುವವರಲ್ಲಿದೆ. ಅದು ಇಲಿಗೂ ಕ್ರೂರ, ಹಾವಿಗೂ ಅಪಾಯ. ಹಸಿವಿಲ್ಲದ ಹಾವಿನ ಜೊತೆ ಕೂಡಿಹಾಕಿದ ಇಲಿ, ಹಾವಿನ ಬೆನ್ನನ್ನೇ ಮೂಳೆ ಕಾಣುವಂತೆ ಕಡಿದ ಉದಾಹರಣೆಗಳಿವೆ. ಈ ವಿಷಯದಲ್ಲಿ ಕೇಂದ್ರಕ್ಕೆ ಪೂರ್ಣ ಅಂಕ ಕೊಡಬಹುದು.

ಪರದೆಯ ಹಿಂದೆ ಏನಾಗುತ್ತದೆ ಎಂಬುದನ್ನು ನಿರೂಪಕರು ಬಾಯಿಮಾತಿನಲ್ಲಿ ವಿವರಿಸುತ್ತಾರೆ. ಬೋವಾ ಒಮ್ಮೆಲೇ ಚಿಮ್ಮಿ ಹಿಡಿದು, ಸತ್ತಿರುವ ಪ್ರಾಣಿಗೂ ಸುತ್ತು ಹಾಕಿ ಬಿಗಿಯುತ್ತದೆ. ಇಲ್ಲಿ ಅವರು ‘ಉಸಿರುಗಟ್ಟಿಸಿ ಕೊಲ್ಲುತ್ತದೆ’ ಎಂದದ್ದು ಹಳೆಯ ವಿವರಣೆ. ಅಮೆರಿಕದ ಡಿಕಿನ್‌ಸನ್ ಕಾಲೇಜಿನ ಸ್ಕಾಟ್ ಬೋಬ್ಯಾಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೋವಾದ ಬಿಗಿತಕ್ಕೆ ಸಿಕ್ಕ ಇಲಿಯ ರಕ್ತಪರಿಚಲನೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ ಎಂದು ತೋರಿಸಿದ್ದಾರೆ. ಉಸಿರು ಕಟ್ಟುವುದಕ್ಕಿಂತ ಮೊದಲೇ ರಕ್ತ ಹರಿಯುವುದು ನಿಲ್ಲುತ್ತದೆ. ಇದೇ ತಂಡ 2012ರಲ್ಲಿ ಸತ್ತ ಇಲಿಗಳೊಳಗೆ ಕೃತಕ ಹೃದಯಬಡಿತ ಅಳವಡಿಸಿ ಬೋವಾಗಳಿಗೆ ಕೊಟ್ಟಿತ್ತು. ಬಡಿತ ಇದ್ದಾಗ ಹಾವುಗಳು ಹೆಚ್ಚು ಹೊತ್ತು ಬಿಗಿದವು, ಬಡಿತ ನಿಂತಾಗ ಸಡಿಲಿಸಿದವು. ಅಮ್ಮಣ್ಣಿ ಇಷ್ಟು ಬೇಗ ಸುತ್ತು ಬಿಚ್ಚಿತಲ್ಲ ಎಂದು ನನ್ನ ಪಕ್ಕದಲ್ಲಿದ್ದವರೊಬ್ಬರು ಗೊಣಗಿದರು. ಹೃದಯ ಬಡಿಯದ ಊಟವನ್ನು ಅದು ಬಹಳ ಹೊತ್ತು ಹಿಂಡಬೇಕಾದ ಅಗತ್ಯವಿರಲಿಲ್ಲ. ನಿರೂಪಕರು ಈ ಮಾತನ್ನು ಸೇರಿಸಿಕೊಂಡರೆ ವಿವರಣೆಯೂ ಸರಿಯಾಗುತ್ತದೆ, ಕಣ್ಣ ಮುಂದಿನ ದೃಶ್ಯಕ್ಕೂ ಅರ್ಥ ಬರುತ್ತದೆ.

ಪರದೆ ಮೇಲೇರಿದ ನಂತರದ ಹದಿನೈದು ನಿಮಿಷಗಳೇ ಈ ಪ್ರದರ್ಶನದ ಜೀವಾಳ. ಹಾವು ಸಾಮಾನ್ಯವಾಗಿ ತಲೆಯ ಕಡೆಯಿಂದಲೇ ನುಂಗುತ್ತದೆ. ಹಾಗೆ ನುಂಗಿದರೆ ಕಾಲುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಕೂದಲು ಮತ್ತು ಗರಿ ಬೆಳೆದ ದಿಕ್ಕಿಗೇ ಒರಗುತ್ತವೆ. ಹೀಗಾಗಿ ಪ್ರೇಕ್ಷಕರಿಗೆ ಮುಖ ಕಾಣುವುದಿಲ್ಲ, ಹಿಂಭಾಗವೇ ಕಾಣುತ್ತದೆ. ಹಾವಿನ ದವಡೆ ಕಳಚಿಕೊಳ್ಳುತ್ತದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ, ಅದು ಕಳಚುವುದಿಲ್ಲ. ಕೆಳದವಡೆಯ ಎರಡು ಅರ್ಧಗಳು ಗದ್ದದ ಬಳಿ ಮೂಳೆಯಿಂದ ಬೆಸೆದಿಲ್ಲ, ಹಿಗ್ಗುವ ಅಂಗಾಂಶದಿಂದ ಜೋಡಿಸಿಕೊಂಡಿವೆ. ತಲೆಬುರುಡೆಗೂ ದವಡೆಗೂ ನಡುವೆ ಇನ್ನೊಂದು ಮೂಳೆ ಆಡುತ್ತಿರುತ್ತದೆ. ದಿಂಬಿಗೆ ಬಿಗಿಯಾದ ಗವಸು ಹಾಕುವವರು ಒಮ್ಮೆ ಈ ಮೂಲೆ, ಒಮ್ಮೆ ಆ ಮೂಲೆ ಎಳೆಯುವ ಹಾಗೆ, ಹಾವು ಬಲದವಡೆಯನ್ನು ಮುಂದಿಟ್ಟು ಎಡದವಡೆಯನ್ನು ಮುಂದಿಟ್ಟು ತನ್ನ ತಲೆಯನ್ನೇ ಆಹಾರದ ಮೇಲೆ ಏರಿಸಿಕೊಂಡು ಹೋಗುತ್ತದೆ. ಗಾಜಿಗೆ ಹತ್ತಿರ ನಿಂತರೆ, ಬಾಯಿಯ ತಳದಿಂದ ಒಂದು ಸಣ್ಣ ಕೊಳವೆ ಮುಂದಕ್ಕೆ ಚಾಚಿ, ತೆರೆದು ಮುಚ್ಚುವುದು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ಬಾಯಿ ತುಂಬ ಆಹಾರವಿದ್ದರೂ ಹಾವು ಉಸಿರಾಡುವುದು ಹೀಗೆ. ನನ್ನ ಮುಂದಿದ್ದ ಮಂಡ್ಯದ ಹುಡುಗಿಯೊಬ್ಬಳು ಅದನ್ನೇ ನಾಲಗೆ ಎಂದುಕೊಂಡು, ‘ಅಪ್ಪಾ, ನಾಲ್ಗೆ ತೂತು ನೋಡಪ್ಪಾ’ ಎಂದು ಕೂಗಿದಳು. ನಿರೂಪಕರು ಮೈಕು ಬಿಟ್ಟು ಅವಳ ಬಳಿ ಕುಕ್ಕರಗಾಲಿನಲ್ಲಿ ಕೂತು ವಿವರಿಸಿದರು.

ಇನ್ನು ಊಹೆಯ ಮಾತು. ಬಾಲವಿದೆಯೇ ಇಲ್ಲವೇ ಎಂಬುದು ಮೊದಲನೆಯ ಸುಳಿವು. ಇಲಿಯಾದರೆ ಕೂದಲಿಲ್ಲದ, ಉಂಗುರ ಉಂಗುರವಾದ ಉದ್ದ ಬಾಲ ಕೊನೆಯವರೆಗೂ ಹೊರಗೆ ನೇತಾಡುತ್ತದೆ. ಗಿನಿಪಿಗ್ ಆದರೆ ಹೊರಗೆ ಕಾಣುವ ಬಾಲವೇ ಇಲ್ಲ. ಹಿಂಗಾಲಿನಲ್ಲಿ ಮೂರೇ ಬೆರಳು. ಮೊಲವಾದರೆ ಹಿಂಗಾಲು ದೇಹಕ್ಕೆ ಹೋಲಿಸಿದರೆ ಬಹಳ ಉದ್ದ, ಅಂಗಾಲಿನಲ್ಲಿ ಬೆಕ್ಕು ನಾಯಿಗಳಿಗಿರುವಂಥ ಮೆತ್ತೆಗಳಿಲ್ಲದೆ ಪೂರ್ತಿ ಕೂದಲು. ಕೋಳಿ ಅಥವಾ ಗೌಜಲಕ್ಕಿಯಾದರೆ ಯಾರೂ ತಪ್ಪುವಂತಿಲ್ಲ, ಹುರುಪೆಯುಳ್ಳ ಎರಡು ಕಾಲುಗಳು ಬಾಯಿಂದ ಹೊರಗೆ ಜೋಡಿಯಾಗಿ ಚಾಚಿಕೊಂಡಿರುತ್ತವೆ; ಮುಂದೆ ಮೂರು ಬೆರಳು, ಹಿಂದೆ ಒಂದು. ಈ ಸುಳಿವುಗಳನ್ನು ಚಿತ್ರ ಸಮೇತ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಟಿಕೆಟ್ಟಿನ ಜೊತೆ ಕೊಡುತ್ತಾರೆ. ಹಾಳೆ ಕನ್ನಡದಲ್ಲಿದೆ, ಭಾಷೆ ತಿಳಿಯಾಗಿದೆ. ಆದರೆ ಹೆಚ್ಚಿನವರು ಅದನ್ನು ಮಡಚಿ ಬೀಸಣಿಗೆ ಮಾಡಿಕೊಂಡಿದ್ದರು.

ಆ ಸಂಜೆ ಹೊರಗೆ ಉಳಿದಿದ್ದದ್ದು ಬಿಳಿಯ ಕೂದಲಿನ ಹಿಂಭಾಗ ಮತ್ತು ಎರಡು ಕಾಲು. ಜನರ ನಡುವಿನಿಂದ ಮೊದಲು ಬಂದ ಮಾತು ಬೆಕ್ಕು ಎಂದು. ಅಲ್ಲಿಂದ ಒಂದು ಸಣ್ಣ ಗಲಾಟೆ ಎದ್ದಿತು; ಬೀದಿಯ ಬೆಕ್ಕುಗಳನ್ನು ಹಿಡಿದು ಹಾಕುತ್ತಾರೆಂದು ಒಬ್ಬರು, ಹಾಗಿದ್ದರೆ ದೂರು ಕೊಡೋಣ ಎಂದು ಇನ್ನೊಬ್ಬರು. ಹಾಳೆಯನ್ನು ನೋಡಿದ್ದರೆ ಗಲಾಟೆಗೆ ಅವಕಾಶವೇ ಇರುತ್ತಿರಲಿಲ್ಲ. ಬೆಕ್ಕಿನ ಅಂಗಾಲಿನಲ್ಲಿ ಮೆತ್ತೆಗಳಿರುತ್ತವೆ, ಉದ್ದನೆಯ ಬಾಲವಿರುತ್ತದೆ; ಇಲ್ಲಿ ಅಂಗಾಲಿನ ತುಂಬ ಕೂದಲಿತ್ತು, ಬಾಲ ಒಂದು ಹತ್ತಿಯ ಕುಚ್ಚಿನಷ್ಟಿತ್ತು. ಅದು ಮೊಲ. ಉತ್ತರ ಹೇಳಿದ ಮೇಲೆ ಒಬ್ಬ ಮಹಿಳೆ ಎದ್ದು, ‘ಮೊಲಾನ ಮಕ್ಕಳ ಮುಂದೆ ಹಾಕ್ತೀರಲ್ಲ, ನಿಮಗೆ ಏನೂ ಅನ್ಸಲ್ವಾ?’ ಎಂದು ನೇರವಾಗಿಯೇ ಕೇಳಿದರು. ನೋಡಿಕೊಳ್ಳುವ ಹುಡುಗ ತಪ್ಪಿಸಿಕೊಳ್ಳಲಿಲ್ಲ. ‘ಅನ್ಸುತ್ತೆ ಮೇಡಂ. ಮಾಂಸಕ್ಕೆ ಸಾಕೋ ಫಾರಂನಿಂದ ತರ್ತೀವಿ, ಅಲ್ಲೇ ಮುಗಿಸಿರ್ತಾರೆ. ಹಾವಿಗೆ ಬೇರೆ ಊಟ ಇಲ್ಲ’ ಎಂದ. ಸಸ್ಯಾಹಾರಿ ಮನೆಯಿಂದ ಬಂದವರಿಗೆ ಈ ಉತ್ತರ ಸಮಾಧಾನ ತಂದಿತೆಂದು ಹೇಳಲಾರೆ, ಆದರೆ ಸುತ್ತಿಬಳಸದೆ ಹೇಳಿದ ಉತ್ತರ. ಹೋಗುವವರು ಇದಕ್ಕೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಂಡಿರಬೇಕು. ಟಿಕೆಟ್ಟಿನ ಕಿಟಕಿಯಲ್ಲಿ ಈ ಬಗ್ಗೆ ಒಂದು ಸಾಲಿನ ಎಚ್ಚರಿಕೆ ಹಾಕುವುದು ಕೇಂದ್ರದ ಕರ್ತವ್ಯ.

ಎರಡನೆಯ ಸುತ್ತು ಇನ್ನೂ ಚೆನ್ನಾಗಿದೆ. ಆಗಲೇ ಪೂರ್ತಿ ನುಂಗಿ ಮುಗಿಸಿರುವ ಬಾಲ್ ಪೈಥಾನ್ ಒಂದನ್ನು ತೋರಿಸಿ, ಹೊಟ್ಟೆಯ ಉಬ್ಬನ್ನಷ್ಟೇ ನೋಡಿ ಹೇಳಿ ಎನ್ನುತ್ತಾರೆ. ಇಲ್ಲಿ ಬಹುತೇಕ ಎಲ್ಲರ ಊಹೆಯೂ ತಲೆಕೆಳಗಾಗುತ್ತದೆ, ಏಕೆಂದರೆ ಉಬ್ಬಿಗೆ ಆಕಾರದ ಸಾಕ್ಷ್ಯ ಬಹಳ ಕಡಿಮೆ. ಒಳಗೆ ಹೋದ ಪ್ರಾಣಿಯ ಕಾಲುಗಳು ದೇಹಕ್ಕೆ ಅಂಟಿ ಮಡಚಿಕೊಂಡಿರುತ್ತವೆ, ರೆಕ್ಕೆಗಳೂ ಹಾಗೆಯೇ. ಕೂದಲು, ಗರಿ ಒದ್ದೆಯಾಗಿ ಅಡಗಿರುತ್ತವೆ. ಮೇಲಿನಿಂದ ಹಾವಿನ ಸ್ನಾಯು ಒತ್ತಿ ಎಲ್ಲವನ್ನೂ ಉರುಟಾಗಿಸುತ್ತದೆ. ಚಿತ್ರಗಳಲ್ಲಿ ಬರೆಯುವ ಹಾಗೆ ಹೊಟ್ಟೆಯೊಳಗೆ ನಿಂತ ಪ್ರಾಣಿಯ ಕಿವಿ, ಕಾಲು ಮೂಡಿ ಕಾಣುವುದಿಲ್ಲ. ಉಬ್ಬಿನಿಂದ ತಿಳಿಯುವುದು ಗಾತ್ರವೊಂದೇ, ಆ ಗಾತ್ರದಿಂದ ಏನಲ್ಲ ಎಂಬುದನ್ನು ಹೇಳಬಹುದು. ಸಾಕುವವರು ಪಾಲಿಸುವ ಒಂದು ಅಂದಾಜಿದೆ: ಆಹಾರದ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು, ದೊಡ್ಡ ಹಾವಿಗೆ ತೂಕದ ಹತ್ತನೆಯ ಒಂದು ಪಾಲಿನ ಆಸುಪಾಸು. 10 ಕಿಲೋದ ಬೋವಾಕ್ಕೆ ಒಂದು ಕಿಲೋದ ಮೊಲ ಸರಿಹೊಂದುತ್ತದೆ. ಮೇಕೆ, ನಾಯಿ ಎಂದು ಬರೆದವರು ಈ ಲೆಕ್ಕವನ್ನೇ ಮಾಡಿರಲಿಲ್ಲ. ಚೀಟಿಗಳನ್ನೆಲ್ಲ ಓದಿದ ಮೇಲೆ ನೋಡಿಕೊಳ್ಳುವ ಹುಡುಗ, ಪುಸ್ತಕ ನೋಡದಿದ್ದರೆ ಅದು ಇಲಿಯೋ ಗೌಜಲಕ್ಕಿಯೋ ತನಗೂ ಗೊತ್ತಾಗುವುದಿಲ್ಲ ಎಂದ. ಅವತ್ತಿನ ಬಾಲ್ ಪೈಥಾನಿನ ಪುಟದಲ್ಲಿ ಬರೆದಿದ್ದದ್ದು ಗೌಜಲಕ್ಕಿ.

ಇಲ್ಲಿ ಮಂಡ್ಯದ ಕಡೆಯ ಹಿರಿಯರೊಬ್ಬರು ತಮ್ಮ ಅನುಭವವನ್ನು ಮುಂದಿಟ್ಟರು. ಕಬ್ಬಿನ ಗದ್ದೆ ಕಡಿಯುವಾಗ ಹೊಟ್ಟೆ ಉಬ್ಬಿದ ಹೆಬ್ಬಾವು ಸಿಕ್ಕಿತಂತೆ. ‘ಮೇಕೆಮರಿ ನುಂಗೈತೆ ಅಂದ್ರು ಎಲ್ಲಾರೂ, ಕಕ್ಕಿದ್ಮೇಲೆ ನೋಡುದ್ರೆ ನವಿಲು ಕಣಪ್ಪ’ ಎಂದರು. ನಂಬಲಾಗದ ಮಾತೇನಲ್ಲ, ನಮ್ಮ ಹೆಬ್ಬಾವು ಸಸ್ತನಿಗಳನ್ನೂ ಹಕ್ಕಿಗಳನ್ನೂ ತಿನ್ನುತ್ತದೆ, ಹೊಟ್ಟೆ ತುಂಬಿದ್ದಾಗ ಜನ ಮುತ್ತಿಕೊಂಡರೆ ಓಡುವುದಕ್ಕೆ ಹಗುರಾಗಲೆಂದು ಕಕ್ಕಿಬಿಡುತ್ತದೆ. ನುಂಗಿದ ಮೇಲೆ ಅದು ಮರಕ್ಕೆ ಸುತ್ತಿಕೊಂಡು ಒಳಗಿನ ಮೂಳೆಯನ್ನು ಪುಡಿ ಮಾಡುತ್ತದಲ್ಲವೇ ಎಂದೂ ಅವರು ಕೇಳಿದರು. ಹಳ್ಳಿಗಳಲ್ಲಿ ಬಹಳ ಹಿಂದಿನಿಂದ ಇರುವ ಈ ನಂಬಿಕೆಗೆ ನಿರೂಪಕರು ಕೊಟ್ಟ ಉತ್ತರ ಮರ್ಯಾದೆಯದ್ದೂ ಹೌದು, ನಿಖರವಾದದ್ದೂ ಹೌದು: ‘ಇಲ್ಲ ಯಜಮಾನ್ರೇ, ಮೂಳೆ ಮುರಿಯೋ ಅಗತ್ಯಾನೇ ಅದಕ್ಕಿಲ್ಲ, ಹೊಟ್ಟೆಯ ಆಮ್ಲದಲ್ಲೇ ಕರಗಿಹೋಗುತ್ತೆ.’

ಆಮೇಲೆ ಗೋಡೆಯ ಮೇಲೆ ತೋರಿಸಿದ ಚಿತ್ರಸರಣಿ ಈ ಮಾತಿಗೆ ಪುರಾವೆ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಹೆನ್ರಿಕ್ ಲಾರಿಡ್ಸನ್ ಮತ್ತು ಕ್ಯಾಸ್ಪರ್ ಹ್ಯಾನ್ಸನ್ 2010ರಲ್ಲಿ, 5 ಕಿಲೋ ತೂಕದ ಬರ್ಮಾ ಹೆಬ್ಬಾವೊಂದು ಇಲಿಯನ್ನು ನುಂಗಿದ ಮೇಲೆ ಅದನ್ನು ಮತ್ತೆ ಮತ್ತೆ ಸಿಟಿ ಸ್ಕ್ಯಾನ್ ಮಾಡಿದ್ದರು. ಮೊದಲ ಚಿತ್ರದಲ್ಲಿ ಇಲಿಯ ಬೆನ್ನುಮೂಳೆಯ ಗಣ್ಣುಗಳನ್ನು ಎಣಿಸಬಹುದು. ಮುಂದಿನ ಚಿತ್ರಗಳಲ್ಲಿ ಅದು ಅಂಚು ಕಳೆದುಕೊಂಡು ಮಸುಕಾಗುತ್ತದೆ. 132ನೆಯ ಗಂಟೆಯ ಚಿತ್ರದಲ್ಲಿ ಇಲಿಯೇ ಇಲ್ಲ. ಬರ್ಮಾ ಹೆಬ್ಬಾವಿನ ಮೇಲೆ ನಡೆದ ಇತರ ಅಧ್ಯಯನಗಳು ತೋರಿಸಿರುವಂತೆ, ಊಟದ ನಂತರ ಅದರ ಚಯಾಪಚಯ ಹತ್ತಾರು ಪಟ್ಟು ಏರುತ್ತದೆ, ಕರುಳು ದಪ್ಪವಾಗುತ್ತದೆ, ಎರಡೇ ದಿನದಲ್ಲಿ ಹೃದಯದ ಕುಹರದ ತೂಕ ಶೇ. 40ರಷ್ಟು ಹೆಚ್ಚಿದ್ದನ್ನು 2005ರಲ್ಲಿ ವರದಿ ಮಾಡಿದ್ದಾರೆ. ಸುಮ್ಮನೆ ಬಿದ್ದುಕೊಂಡಿರುವಂತೆ ಕಾಣುವ ಹಾವಿನೊಳಗೆ ಇಷ್ಟೆಲ್ಲ ನಡೆಯುತ್ತಿರುವಾಗ ಅದಕ್ಕೆ ಬೇಕಾದದ್ದು ಬಿಸಿ ಮತ್ತು ಏಕಾಂತ. ಪೆಟ್ಟಿಗೆಯ ಒಂದು ಬದಿಯನ್ನು 30 ಡಿಗ್ರಿಯ ಮೇಲೆ ಇಟ್ಟಿದ್ದದ್ದು ಉಷ್ಣಮಾಪಕದಲ್ಲಿ ಕಾಣುತ್ತಿತ್ತು. ಮೈಸೂರಿನ ಧನುರ್ಮಾಸದ ಚಳಿಯಲ್ಲಿ ಈ ಬಿಸಿ ತಪ್ಪಿದರೆ ಆಹಾರ ಒಳಗೇ ಕೊಳೆತು ಹಾವು ಕಕ್ಕುತ್ತದೆ, ಕೆಲವೊಮ್ಮೆ ಸಾಯುತ್ತದೆ.

ಪ್ರದರ್ಶನದ ಅತ್ಯುತ್ತಮ ಭಾಗವನ್ನು ಕೇಂದ್ರದವರು ಹೊರಹೋಗುವ ಬಾಗಿಲ ಬಳಿ, ಶೌಚಾಲಯದ ಪಕ್ಕದ ಕತ್ತಲ ಗೂಡಿನಲ್ಲಿ ಇಟ್ಟುಬಿಟ್ಟಿದ್ದಾರೆ. ಅದು ತೊಳೆದು ಒಣಗಿಸಿದ ಹಿಕ್ಕೆಯ ಉಳಿಕೆಗಳಿರುವ ಗಾಜಿನ ತಟ್ಟೆಗಳ ಸಾಲು. ಮೂಳೆ, ಮಾಂಸ ಎಲ್ಲವೂ ಕರಗಿದ ಮೇಲೂ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದಾದ ಭಾಗಗಳು ಉಳಿದು ಹೊರಬರುತ್ತವೆ: ಕೂದಲು, ಉಗುರು, ಗರಿಯ ತುಂಡು. ಒಂದು ತಟ್ಟೆಯಲ್ಲಿ ಬೂದುಬಣ್ಣದ ಕೂದಲಿನ ಗಂಟು, ಅದರೊಳಗೆ ಅಕ್ಕಿಯ ನುಚ್ಚಿನಷ್ಟು ಸಣ್ಣ ಉಗುರುಗಳು. ಇನ್ನೊಂದರಲ್ಲಿ ಗರಿಯ ದಂಟುಗಳು, ಪಕ್ಕದಲ್ಲಿ ಹಾವಿನ ಮೂತ್ರದ ಸುಣ್ಣದಂಥ ಬಿಳಿ ಗಟ್ಟಿ. ಹಾವು ಏನು ತಿಂದಿದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ಸಿಗುವುದು ಉಬ್ಬಿನಲ್ಲಲ್ಲ, ಇಲ್ಲಿ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕಿದವರ ಕೈತಪ್ಪಿಯೋ ಅವರೇ ಬಿಟ್ಟೋ ಬೇರೂರಿರುವ ಬರ್ಮಾ ಹೆಬ್ಬಾವುಗಳು ಏನೇನು ತಿನ್ನುತ್ತಿವೆ ಎಂದು ತಿಳಿದದ್ದು ಇದೇ ವಿಧಾನದಿಂದ. ಹೊಟ್ಟೆಯಲ್ಲಿ ಸಿಕ್ಕ ಗರಿಯ ಚೂರುಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಲಾ ಡವ್ ಮತ್ತು ಸಂಗಡಿಗರು ಸಂಗ್ರಹಾಲಯದ ಮಾದರಿಗಳೊಡನೆ ಹೋಲಿಸಿ 25 ಜಾತಿಯ ಹಕ್ಕಿಗಳನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದರು. 2022ರಲ್ಲಿ ಸುದ್ದಿಯಾದ, ಸುಮಾರು 98 ಕಿಲೋ ತೂಕದ, 18 ಅಡಿ ಉದ್ದದ ಹೆಣ್ಣು ಹೆಬ್ಬಾವಿನ ಹೊಟ್ಟೆಯಲ್ಲಿ ಗೊರಸಿನ ಚೂರುಗಳಿದ್ದವು. ಅದು ಬಿಳಿಬಾಲದ ಜಿಂಕೆಯನ್ನು ತಿಂದಿತ್ತೆಂದು ತೀರ್ಮಾನಿಸಿದ್ದು ಆ ಗೊರಸಿನಿಂದ. ಇಷ್ಟು ಸ್ವಾರಸ್ಯವಾದ ತಟ್ಟೆಗಳ ಕೆಳಗೆ ಇಂಗ್ಲಿಷಿನ ಒಂದೊಂದೇ ಪದ ಬರೆದ ಚೀಟಿ ಅಂಟಿಸಿ ಬಿಟ್ಟಿದ್ದಾರೆ. ಒಂದು ದೀಪ, ಒಂದು ಭೂತಗನ್ನಡಿ, ನಾಲ್ಕು ಸಾಲು ಕನ್ನಡ ಇದ್ದಿದ್ದರೆ ಜನ ಹೊರಗೆ ಹೋಗುವ ಬದಲು ಇಲ್ಲೇ ನಿಲ್ಲುತ್ತಿದ್ದರು.

ಈಗ ಆಕ್ಷೇಪಗಳು. ಕಾರ್ಯಕ್ರಮ ಮುಗಿದ ಮೇಲೆ 200 ರೂಪಾಯಿ ಹೆಚ್ಚುವರಿ ಕೊಟ್ಟವರ ಕೊರಳಿಗೆ ಹಾವು ಹಾಕಿ ಫೋಟೊ ತೆಗೆಯುತ್ತಾರೆ, ಹಾಗೆ ಹಾಕುವುದು ಸ್ವಲ್ಪ ಮೊದಲಷ್ಟೇ ಗೌಜಲಕ್ಕಿ ನುಂಗಿದ ಅದೇ ಬಾಲ್ ಪೈಥಾನನ್ನು. ಊಟವಾದ ಮೇಲೆ ಕನಿಷ್ಠ ಎರಡು ದಿನ ಹಾವನ್ನು ಮುಟ್ಟಬಾರದು ಎಂಬುದು ಸಾಕುವವರ ಪ್ರಾಥಮಿಕ ಪಾಠ. ಈ ಕೇಂದ್ರದವರೇ ಹಂಚುವ ಹಾಳೆಯ ಹಿಂಬದಿಯಲ್ಲೂ ಅದನ್ನು ಅಚ್ಚುಹಾಕಿಸಿದ್ದಾರೆ. ಅಲುಗಾಡಿಸಿದರೆ, ಒತ್ತಿದರೆ ಹಾವು ಕಕ್ಕುತ್ತದೆ. ಕಕ್ಕುವಾಗ ಆಮ್ಲ ಅನ್ನನಾಳವನ್ನು ಸುಡುತ್ತದೆ. ಚೇತರಿಸಿಕೊಳ್ಳಲು ವಾರಗಳು ಬೇಕಾಗುತ್ತವೆ. ಹಾವಿಗೆ ಏಕಾಂತ ಬೇಕೆಂದು ಅರ್ಧ ಗಂಟೆ ಹೇಳಿ, ಕೂಡಲೇ ಅದನ್ನು ಸರತಿಯಲ್ಲಿ ನಿಂತವರ ಕೊರಳಿಂದ ಕೊರಳಿಗೆ ದಾಟಿಸುವುದು ಯಾವ ನ್ಯಾಯ? ಫೋಟೊದ ಆದಾಯ ಬೇಕೇ ಬೇಕೆಂದಾದರೆ ಆ ವಾರ ಊಟ ಮಾಡದ ಹಾವನ್ನು, ಅದೂ ಕೊರಳಿಗಲ್ಲ, ನೋಡಿಕೊಳ್ಳುವವನ ಕೈಯಲ್ಲೇ ಇಟ್ಟು ಪಕ್ಕದಲ್ಲಿ ನಿಲ್ಲಿಸಲಿ.

ಎರಡನೆಯದು ಕೈ ತೊಳೆಯುವ ವ್ಯವಸ್ಥೆ. ಆರೋಗ್ಯವಾಗಿ ಕಾಣುವ ಸರೀಸೃಪಗಳೂ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವನ್ನು ಹೊತ್ತಿರಬಲ್ಲವು, ಐದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಅಪಾಯ ಹೆಚ್ಚು. ಇಲ್ಲಿ ನಲ್ಲಿ ಇತ್ತು, ಸೋಪು ಇರಲಿಲ್ಲ. ಹಾವು ಮುಟ್ಟಿದ ಮಕ್ಕಳು ನೇರವಾಗಿ ಪಕ್ಕದ ಗೂಡಂಗಡಿಯ ಚುರುಮುರಿಗೆ ಕೈ ಹಾಕಿದರು. ಕೇಳಿದಾಗ ತರಿಸುತ್ತೇವೆ ಎಂದರು. ನಾವು ಹೊರಡುವವರೆಗೂ ತರಿಸಲಿಲ್ಲ.

ಸಣ್ಣಪುಟ್ಟ ಲೋಪಗಳೂ ಇವೆ. ಗಾಜು ತಟ್ಟುವವರನ್ನು ತಡೆಯಲು ಒಬ್ಬನೇ ಹುಡುಗ, ಅವನೇ ಚೀಟಿಯನ್ನೂ ಸಂಗ್ರಹಿಸಬೇಕು. ಫ್ಲ್ಯಾಶ್ ಬೇಡವೆಂಬ ಫಲಕವಿದೆ, ಪಾಲನೆ ಇಲ್ಲ. ಸರಿಯುತ್ತರಕ್ಕೆ ಕೊಡುವ ಬಹುಮಾನ ರಬ್ಬರಿನ ನಾಗರಹಾವು; ಬೋವಾದ ಪ್ರದರ್ಶನಕ್ಕೂ ಅದಕ್ಕೂ ಏನು ಸಂಬಂಧವೋ. ಇನ್ನೊಂದು ಮಾತನ್ನು ಹೇಳಲೇಬೇಕು: ಸಾಕಿದ ಹೆಬ್ಬಾವು ಊಟ ಬಿಟ್ಟು ಒಡೆಯನ ಪಕ್ಕದಲ್ಲಿ ನೇರವಾಗಿ ಚಾಚಿ ಮಲಗಿ, ನುಂಗಬಹುದೇ ಎಂದು ಉದ್ದ ಅಳೆಯುತ್ತಿತ್ತು ಎಂಬ ಮೊಬೈಲಿನ ಕಥೆಯನ್ನು ನಿರೂಪಕರು ನಿಜವೆಂಬಂತೆ ಮೈಕಿನಲ್ಲಿ ಹೇಳಿದರು. ಹೊಂಚು ಹಾಕಿ ಹಿಡಿಯುವ ಹಾವಿಗೆ ಹಾಗೆ ಅಳೆಯುವ ಅಭ್ಯಾಸವಿಲ್ಲ, ಅದು ಕಟ್ಟುಕಥೆ. ಅಲ್ಲಿಯವರೆಗೆ ಅಷ್ಟು ಜಾಗ್ರತೆಯಿಂದ ಮಾತಾಡಿದವರ ಬಾಯಲ್ಲಿ ಅದು ಬಂದದ್ದು ನಗು ತರಿಸುವುದಕ್ಕಾಗಿ ಇರಬಹುದು, ಆದರೆ ಹೆದರಿದ ಮಕ್ಕಳು ನಗಲಿಲ್ಲ.

ನಮ್ಮೂರಿನವರು ಸಹಜವಾಗಿಯೇ ಚಾಮರಾಜೇಂದ್ರ ಮೃಗಾಲಯದ ಜೊತೆ ಹೋಲಿಸುತ್ತಾರೆ. 1892ರಲ್ಲಿ ಆರಂಭವಾದ ಆ ಮೃಗಾಲಯದಲ್ಲಿ ಹಾವುಗಳ ವಿಭಾಗವಿದೆ, ನೆರಳಿದೆ, ನಡೆದಾಡಲು ಜಾಗವಿದೆ; ಅಲ್ಲಿ ಹಾವನ್ನು ಯಾರೂ ಮುಟ್ಟುವಂತಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಹೆಬ್ಬಾವಿನ ಮೈ ಎಲ್ಲಿ ಉಬ್ಬಿದೆ, ಅದು ಬಿಸಿಲಿನ ಕಡೆ ಹೊಟ್ಟೆ ಚಾಚಿದೆಯೇ, ಮೂಲೆಯಲ್ಲಿ ಬಿಳಿಯ ಗಟ್ಟಿ ಬಿದ್ದಿದೆಯೇ ಎಂದು ಸುಮ್ಮನೆ ನಿಂತು ನೋಡುವವರಿಗೆ ಅಲ್ಲಿ ಕೆಲಸ ಸಾಕಷ್ಟಿದೆ. ಆದರೆ ನುಂಗುವುದನ್ನು ಇಷ್ಟು ಹತ್ತಿರದಿಂದ, ಹೇಳಿಕೊಡುವವರ ಜೊತೆ ನೋಡುವ ಅವಕಾಶ ಈ ಖಾಸಗಿ ಕೇಂದ್ರದ್ದೇ.

ಟಿಕೆಟ್ ತಲೆಗೆ 300 ರೂಪಾಯಿ, ಐದು ವರ್ಷದೊಳಗಿನವರಿಗೆ ಉಚಿತ; ನನ್ನನ್ನು ಕೇಳಿದರೆ ಆ ವಯಸ್ಸಿನವರನ್ನು ಕರೆದೊಯ್ಯುವುದೇ ಬೇಡ. ಎಂಟು ವರ್ಷ ದಾಟಿದ, ಪ್ರಶ್ನೆ ಕೇಳುವ ಮಕ್ಕಳಿಗೆ ಹೇಳಿ ಮಾಡಿಸಿದ ಕಾರ್ಯಕ್ರಮ. ಬಸ್ಸಿನ ಸೌಕರ್ಯ ಕಡಿಮೆ, ಸ್ವಂತ ವಾಹನವಿದ್ದರೆ ಅನುಕೂಲ. ಗಾಜಿನ ಎಡಬದಿಯಲ್ಲಿ ನಿಂತರೆ ದೀಪದ ಪ್ರತಿಬಿಂಬ ಅಡ್ಡ ಬರುವುದಿಲ್ಲ. ಸುಳಿವಿನ ಹಾಳೆಯನ್ನು ಪರದೆ ಏಳುವ ಮೊದಲೇ ಓದಿ ಮುಗಿಸಿ. ಸೋಪನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕದಲ್ಲಿ ಒಂದು ಪೂರ್ತಿ ಅಂಕ ಆ ಫೋಟೊದ ಸರತಿಗೆ ಸೇರಿದ್ದು, ಅದನ್ನು ನಿಲ್ಲಿಸಿದ ದಿನ ಇಲ್ಲೇ ತಿದ್ದಿ ಬರೆಯುತ್ತೇನೆ.